ನಿಮಗೂ ಒಂದು

ಇಂಗ್ಲೆಂಡಿನ ಪಬ್ಬಿನಲ್ಲಿ ಹಳಬರು ಬಿಯರ್ ಎಂಬ ಹೆಸರನ್ನೇ ಎತ್ತುವುದಿಲ್ಲ. "ಪೈಂಟ್ ಆಫ್ ಬಿಟರ್, ಪ್ಲೀಸ್" ಅಂದರೆ ಮುಗಿಯಿತು. 568 ಮಿಲಿಲೀಟರ್ ಬಂದು ಕೂರುತ್ತದೆ. "ಹಾಫ್" ಅಂದರೆ ಅದರರ್ಧ, "ಸೇಮ್ ಅಗೇನ್" ಅಂದರೆ ಆಗ ಕೊಟ್ಟದ್ದೇ. "ಲೈಟ್ ಅಂಡ್ ಬಿಟರ್" ಕೇಳಿದರೆ ಪೀಪಾಯಿಯ ಬಿಟರ್ ಅರ್ಧ ಸುರಿದು, ಜೊತೆಗೊಂದು ಬಾಟಲಿ ಲೈಟ್ ಏಲ್ ಇಡುತ್ತಾರೆ. ಓಲ್ಡ್ ಏಲಿಗೆ ಬಿಟರ್ ಬೆರೆಸಿದ್ದಕ್ಕೆ 'ಅತ್ತೆ' ಎಂದು ಅಡ್ಡಹೆಸರು. ಗಂಡಸರ ಕೂಟದಲ್ಲಿ ಹುಟ್ಟಿದ ಆ ತಮಾಷೆ ನನಗೆ ಹಿಡಿಸಲೇ ಇಲ್ಲ.

ಮನಸ್ಸಿಗೆ ಹಿಡಿಸಿದ್ದು "ಮೈ ರೌಂಡ್". ನಾಲ್ವರು ಕೂತರೆ ನಾಲ್ಕು ಲೆಕ್ಕವಿಲ್ಲ. ಒಬ್ಬ ಎದ್ದು ಎಲ್ಲರಿಗೂ ತರುತ್ತಾನೆ, ಗ್ಲಾಸುಗಳ ತಳ ಕಾಣುವ ಹೊತ್ತಿಗೆ ಇನ್ನೊಬ್ಬ ಏಳುತ್ತಾನೆ. ತನ್ನ ಸರದಿ ಬಂದಾಗ ಜಾರಿಕೊಂಡವನನ್ನು ಊರು ಬೇಗ ಮರೆಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಸರ್ಕಾರವೇ ಈ ರೂಢಿಗೆ ಹೆದರಿತ್ತು. ಕುಡಿತದಿಂದ ಮದ್ದುಗುಂಡಿನ ಕಾರ್ಖಾನೆಗಳ ಕೆಲಸ ಕೆಡುತ್ತದೆಂದು 1915ರಲ್ಲಿ 'ನೋ ಟ್ರೀಟಿಂಗ್' ಆಜ್ಞೆ ತಂದರು. ಆಜ್ಞೆ ಜಾರಿಯಲ್ಲಿದ್ದ ಕಡೆ ಪಬ್ಬಿನಲ್ಲಿ ಇನ್ನೊಬ್ಬರಿಗೆ ಕುಡಿಸಿದರೆ ಅಪರಾಧ. ಹೆಂಡತಿಗೆ ಕೊಡಿಸಿದವನಿಗೂ ದಂಡ ಬಿತ್ತು. ಯುದ್ಧ ಮುಗಿಯಿತು, ಆಜ್ಞೆ ಹೋಯಿತು, ರೌಂಡ್ ಉಳಿಯಿತು.

ಅದಕ್ಕಿಂತಲೂ ಚಂದದ ಮಾತೊಂದಿದೆ. ಪಬ್ಬಿನಲ್ಲಿ ಮೇಜಿನ ಬಳಿಗೆ ಯಾರೂ ಬರುವುದಿಲ್ಲ, ನಾವೇ ಕೌಂಟರಿಗೆ ಹೋಗಬೇಕು. ಸಾಲು ನಿಲ್ಲುವುದಿಲ್ಲ, ಯಾರು ಮೊದಲು ಬಂದರೆಂದು ಬಾರಿನಾಕೆಗೆ ಗೊತ್ತಿರುತ್ತದೆ. ಕೂಗುವುದು, ನೋಟು ಬೀಸುವುದು ಸಲ್ಲದು. ಕಣ್ಣು ಕೂಡಿದರೆ ಸಾಕು. ಆಕೆ ಮರದ ಹಿಡಿಯನ್ನು ತನ್ನತ್ತ ನಿಧಾನವಾಗಿ ಎಳೆಯುತ್ತಾಳೆ, ನೆಲಮಾಳಿಗೆಯ ಪೀಪಾಯಿಯಿಂದ ಕಂದು ಬಿಟರ್ ಮೇಲೇರಿ ಬರುತ್ತದೆ. ನೊರೆ ಕೂತ ಮೇಲೆ ಇನ್ನೊಂದು ಚೂರು ಎಳೆದು ಗ್ಲಾಸು ತುಂಬಿಸುತ್ತಾಳೆ. ದುಡ್ಡು ಕೊಡುವಾಗ ಬಲ್ಲವರು ಹೇಳುತ್ತಾರೆ: "ಅಂಡ್ ಒನ್ ಫಾರ್ ಯುವರ್‌ಸೆಲ್ಫ್?" ನಿಮಗೂ ಒಂದು?

ಇಲ್ಲಿ ಟಿಪ್ಸ್ ಕೊಡುವ ವಾಡಿಕೆಯಿಲ್ಲ. ಚಿಲ್ಲರೆ ಕೊಟ್ಟರೆ ಆಕೆಯನ್ನು ಆಳಿನಂತೆ ಕಂಡ ಹಾಗೆ, ಕುಡಿಯಲು ಕರೆದರೆ ಸರೀಕಳಂತೆ ಕಂಡ ಹಾಗೆ ಎಂದು ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ ಇಂಗ್ಲಿಷರ ನಡವಳಿಕೆ ಕುರಿತ ತಮ್ಮ 2004ರ ಪುಸ್ತಕದಲ್ಲಿ ವಿವರಿಸಿದ್ದಾರೆ. ನನಗದು ಪೂರ್ತಿ ನಿಜವೆನಿಸುತ್ತದೆ. ಆಕೆ ಥ್ಯಾಂಕ್ಸ್ ಹೇಳಿ ಅದರ ಬೆಲೆಯನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾಳೆ. ಗಿರಾಕಿಗಳು ಕಡಿಮೆಯಾದಾಗ ತನ್ನ ಗ್ಲಾಸನ್ನು ನಮ್ಮತ್ತ ಎತ್ತಿ ತೋರಿಸಿ ಕುಡಿಯುತ್ತಾಳೆ. ದಿನವಿಡೀ ಬೇರೆಯವರಿಗೆ ಸುರಿದುಕೊಡುವ ಕೈಗೆ ಆ ಹೊತ್ತು ಒಂದು ಗ್ಲಾಸು ತನ್ನದೇ ಆಗಿರುತ್ತದೆ.

ಈಗ ಎಷ್ಟೋ ಪಬ್ಬುಗಳಲ್ಲಿ ಕೂತಲ್ಲಿಂದಲೇ ಮೊಬೈಲಿನಲ್ಲಿ ತರಿಸಬಹುದು. ಪರದೆಯ ಮೇಲೆ ಬಿಟರಿನ ಹೆಸರಿರುತ್ತದೆ, ಅಳತೆಯಿರುತ್ತದೆ. ಸುರಿಯುವವಳಿಗೂ ಒಂದಿರಲಿ ಎನ್ನುವುದು ಹೇಗೆ? ನಾನಂತೂ ಎದ್ದು ಕೌಂಟರಿಗೇ ಹೋಗುತ್ತೇನೆ.