ಕಳಿಸುವವರು, ಕರೆಯುವವರು

ಟಿಬೆಟ್ಟಿನ ಉತ್ತರ ಭಾಗದಲ್ಲಿ ಚಾಂಗ್‌ತಾಂಗ್ ಎಂಬ ಬಯಲಿದೆ. ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರಿಗೂ ಮೇಲೆ. ಅಲ್ಲಿ ಮರ ಬೆಳೆಯುವುದಿಲ್ಲ, ಉತ್ತು ಬಿತ್ತುವ ಮಾತೇ ಇಲ್ಲ. ಚಳಿಗಾಲದಲ್ಲಿ ಮೈನಸ್ 30 ಡಿಗ್ರಿಗೂ ಕೆಳಗಿಳಿಯುವ ಆ ನೆಲದಲ್ಲಿ ದ್ರೋಕ್ಪಾ ಎಂಬ ಅಲೆಮಾರಿ ಪಶುಪಾಲಕರು ಬದುಕುತ್ತಾರೆ. ಯಾಕ್ ಕೂದಲಿನಿಂದ ನೇಯ್ದ ಕಪ್ಪು ಡೇರೆ, ಯಾಕ್ ಸಗಣಿಯ ಬೆಂಕಿ, ಹುಲ್ಲು ಇದ್ದಲ್ಲಿಗೆ ಕುರಿಮೇಕೆಗಳ ಹಿಂದೆ ನಡಿಗೆ. ಅಂಥ ಕಡೆ ಹುಟ್ಟಿದ ಜೀವಗಳು ಈಗ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯಲ್ಲಿ, ಮಂಗಳೂರಿನ ಕುದ್ರೋಳಿಯ ನಮ್ಮ ಮನೆಯಿಂದ ಅರ್ಧ ದಿನದ ದಾರಿಯಲ್ಲಿ, ಮುಪ್ಪು ಕಳೆಯುತ್ತಿವೆ. ಇದನ್ನು ಕಣ್ಣಾರೆ ಕಂಡು ಬಂದಮೇಲೂ ನನ್ನ ಬೆರಗು ಇಳಿದಿಲ್ಲ.

ಮಂಗಳೂರಿನಿಂದ ಬೈಲುಕುಪ್ಪೆಗೆ ಸುಮಾರು 170 ಕಿಲೋಮೀಟರ್. ಬೆಳಿಗ್ಗೆ ಗೋಕರ್ಣನಾಥನಿಗೆ ಹೊರಗಿನಿಂದಲೇ ಕೈಮುಗಿದು, ಬಿಜೈಯಲ್ಲಿ ಬಸ್ಸು ಹತ್ತಿದೆ. ಬಿ.ಸಿ.ರೋಡ್, ಪುತ್ತೂರು, ಸುಳ್ಯ ದಾಟುವವರೆಗೂ ಅದೇ ನಮ್ಮ ಸೆಕೆ, ಅದೇ ಅಡಿಕೆ ತೋಟ. ಸಂಪಾಜೆ ಘಾಟಿ ಏರತೊಡಗಿದ ಮೇಲೆ ಕಿಟಕಿಯಿಂದ ಬರುವ ಗಾಳಿಯೇ ಬೇರೆಯಾಯಿತು. ಮಡಿಕೇರಿಯ ಮಂಜು, ಸುಂಟಿಕೊಪ್ಪದ ಕಾಫಿ ತೋಟ, ಆಮೇಲೆ ಕುಶಾಲನಗರ. ಅಲ್ಲಿ ಕಾವೇರಿಯ ಸೇತುವೆ ದಾಟಿದರೆ ಜಿಲ್ಲೆ ಬದಲಾಗುತ್ತದೆ. ಸ್ವಲ್ಪ ಮುಂದೆ ಹೋದರೆ ಅಂಗಡಿ ಬೋರ್ಡುಗಳ ಲಿಪಿಯೂ ಬದಲಾಗುತ್ತದೆ. ಮೆಕ್ಕೆಜೋಳದ ಹೊಲಗಳ ಮೇಲೆ ಐದು ಬಣ್ಣದ ಪ್ರಾರ್ಥನಾ ಪತಾಕೆಗಳು ಹಾರುತ್ತಿದ್ದವು. ಆಟೊ ಒಂದರಲ್ಲಿ ಕಡುಗೆಂಪು ಬಟ್ಟೆ ತೊಟ್ಟ ಐದಾರು ಮರಿಭಿಕ್ಷುಗಳು ನಗುತ್ತಾ ಹೋದರು.

1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಲಾಸಾ ಬಿಟ್ಟು ಹೊರಟರು. ಅವರ ಬೆನ್ನಿಗೆ ಸುಮಾರು 80 ಸಾವಿರ ಜನ ಹಿಮಾಲಯ ದಾಟಿ ಬಂದರು. ಬಂದವರಲ್ಲಿ ಬಹಳ ಮಂದಿ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಸೇರಿ ಕಲ್ಲು ಒಡೆದರು. ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯ ಕಾಡಿನಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. 1960ರ ಡಿಸೆಂಬರಿನಲ್ಲಿ ಮೊದಲ ತಂಡ ಇಲ್ಲಿಗೆ ಬಂದಿಳಿಯಿತು. ರಾಜ್ಯದ ಮುಖ್ಯಮಂತ್ರಿಯೂ ಆಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಇಲ್ಲಿಯ ಹಿರಿಯರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆದರೆ ಆ ಮೊದಲ ವರ್ಷಗಳು ಘೋರವಾಗಿದ್ದವು. ಕಾಡು ಕಡಿಯಬೇಕು, ರಾತ್ರಿ ಆನೆ ಓಡಿಸಬೇಕು. ಹಿಮದಲ್ಲಿ ಬೆಳೆದ ಮೈಗೆ ಈ ಬಿಸಿಲು ತಡೆಯುತ್ತಿರಲಿಲ್ಲ. ಜನ ಒಬ್ಬರ ಹಿಂದೆ ಒಬ್ಬರು ಸತ್ತರು. ಹಿಂಡು ಕಾಯುತ್ತಿದ್ದವರು ನೇಗಿಲು ಹಿಡಿಯಲು ಕಲಿತರು. ಇಲ್ಲಿಯ ಹಳ್ಳಿಗಳನ್ನು ಜನ ಈಗಲೂ ಕ್ಯಾಂಪ್ ಎಂದೇ ಕರೆಯುತ್ತಾರೆ: ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್.

ನಾಮ್ಡ್ರೋಲಿಂಗ್ ವಿಹಾರವನ್ನು 1963ರಲ್ಲಿ ಪೆನೋರ್ ರಿನ್ಪೋಚೆ ಆರಂಭಿಸಿದರು. ಪ್ರವಾಸಿಗರು ಗೋಲ್ಡನ್ ಟೆಂಪಲ್ ಎಂದು ಮುಗಿಬೀಳುವುದು ಇಲ್ಲಿಗೇ. ಒಳಗೆ ಕಾಲಿಟ್ಟಾಗ ನನ್ನ ಕತ್ತು ತಾನಾಗಿ ಮೇಲಕ್ಕೆ ಹೋಯಿತು. ಸುಮಾರು 60 ಅಡಿ ಎತ್ತರದ ಚಿನ್ನದ ಬಣ್ಣದ ಬುದ್ಧ ನಡುವೆ ಕೂತಿದ್ದಾನೆ. ಒಂದು ಪಕ್ಕದಲ್ಲಿ ಪದ್ಮಸಂಭವ, ಇನ್ನೊಂದು ಪಕ್ಕದಲ್ಲಿ ಅಮಿತಾಯುಸ್, ಅಂದರೆ ದೀರ್ಘಾಯುಷ್ಯದ ಬುದ್ಧ. ಪ್ರವಾಸಿಗರು ಫೋಟೊ ತೆಗೆಯುವ ಗಲಾಟೆಯಲ್ಲಿದ್ದರು. ನನ್ನ ಕಣ್ಣು ಹೋದದ್ದು ಹೊರಗೆ ಪ್ರದಕ್ಷಿಣೆ ಬರುತ್ತಿದ್ದ ಮುದುಕ ಮುದುಕಿಯರ ಕಡೆಗೆ. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ತಿರುಗುವ ಮಣಿಚಕ್ರ. ಕೆಲವರಿಗೆ ಊರುಗೋಲು. ಒಬ್ಬರು ನಡೆಯಲೇ ಆಗದೆ ಪ್ರತಿ ಮೂಲೆಗೂ ಕೂತು ಎದ್ದು ಸುತ್ತು ಮುಗಿಸುತ್ತಿದ್ದರು. ಅವರಿಗಿದು ದಿನಚರಿ. ಮನೆ, ಹೊಲ, ವ್ಯಾಪಾರ ಮಕ್ಕಳ ಕೈಗೆ ಬಂದಮೇಲೆ ಉಳಿದ ವರ್ಷಗಳು ಈ ಕೆಲಸಕ್ಕೇ ಮೀಸಲು. ಮುದುಕರನ್ನು ಇಲ್ಲಿ ಯಾರೂ ಸುಮ್ಮನೆ ಕೂತವರೆಂದು ಎಣಿಸುವುದಿಲ್ಲ.

ಆ ಸಾಲಿನಲ್ಲಿದ್ದ ಒಬ್ಬ ಮೊಮೊ-ಲಾ ನನ್ನನ್ನು ಮನೆಗೆ ಕರೆದರು. ಅಜ್ಜಿಯನ್ನು ಇವರು ಹಾಗೆ ಕರೆಯುತ್ತಾರೆ. ವಯಸ್ಸು ಎಂಬತ್ತರ ಆಸುಪಾಸು. ಚಳಿಗಾಲದಲ್ಲಿ ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಸ್ವೆಟರ್ ಮಾರಿ ಕಲಿತ ಕನ್ನಡ ಅವರದು. ‘ಕೂತ್ಕೊ, ಚಾ ಕುಡಿ’ ಎಂದರು. ಮಿಕ್ಕಿದ್ದನ್ನು ಮೈಸೂರಿನಲ್ಲಿ ಓದಿದ ಮೊಮ್ಮಗಳು ಕನ್ನಡಕ್ಕೆ ತಂದಳು. ಚಾ ಅಂದರೆ ಉಪ್ಪು, ಬೆಣ್ಣೆ ಹಾಕಿ ಕಡೆದದ್ದು. ನಾನು ಎರಡು ಬಟ್ಟಲು ಕುಡಿದೆ.

ಅವರ ಮಣಿಚಕ್ರದ ಮರದ ಹಿಡಿಯಲ್ಲಿ, ಹೆಬ್ಬೆರಳು ಕೂರುವ ಜಾಗ ಸವೆದು ಗುಳಿ ಬಿದ್ದಿತ್ತು. ಕಿಟಕಿಯ ಕಟ್ಟೆಯ ಮೇಲೆ ಅಂಗೈಗಿಂತ ಚಿಕ್ಕದಾದ ಮಣ್ಣಿನ ಸ್ತೂಪಗಳು ಸಾಲಾಗಿ ಒಣಗುತ್ತಿದ್ದವು. ಅವೇ ತ್ಸಾತ್ಸಾ. ಹಿತ್ತಾಳೆಯ ಅಚ್ಚಿಗೆ ಹದವಾದ ಜೇಡಿಮಣ್ಣು ಒತ್ತಿ, ಅಂಚಿಗೆ ಹೊರಬಂದ ಮಣ್ಣನ್ನು ಉಗುರಿನಿಂದ ಕೆರೆದು, ಅಚ್ಚು ಮಗುಚಿ ಮೆಲ್ಲನೆ ತಟ್ಟಿದರು. ಗೆರೆಗೆರೆಯೂ ಮೂಡಿದ ಸ್ತೂಪ ಕೆಳಗೆ ಬಂತು. ಆ ಮಣ್ಣಿನಲ್ಲಿ ಅವರ ಗಂಡನ ಬೂದಿ ಇತ್ತು. ಸುಟ್ಟು ಉಳಿದ ಎಲುಬನ್ನು ಪುಡಿ ಮಾಡಿ ಮಣ್ಣಿಗೆ ಕಲಸುತ್ತಾರೆ. ಒಣಗಿದ ತ್ಸಾತ್ಸಾಗಳನ್ನು ಶುದ್ಧವಾದ ಜಾಗದಲ್ಲಿಟ್ಟು ಬಿಡುತ್ತಾರೆ. ಮಳೆಗೆ ಅವು ಕರಗಿದರೆ ಯಾರಿಗೂ ಬೇಸರವಿಲ್ಲ.

ಮೊಮೊ-ಲಾ ಹುಟ್ಟಿದ ಚಾಂಗ್‌ತಾಂಗ್ ಬಯಲಿನಲ್ಲಿ ಸುಡುವ ಪದ್ಧತಿ ಅಪರೂಪ. ಸುಡಲು ಕಟ್ಟಿಗೆ ಇಲ್ಲ, ಹೂಳೋಣವೆಂದರೆ ನೆಲ ಹೆಪ್ಪುಗಟ್ಟಿರುತ್ತದೆ. ಹೆಣವನ್ನು ಎತ್ತರದ ಬಂಡೆಯ ಮೇಲೆ ರಣಹದ್ದುಗಳಿಗೆ ಒಪ್ಪಿಸುತ್ತಾರೆ. ಕೇಳಿದವರಿಗೆ ಮೈ ಝುಮ್ಮೆನ್ನಬಹುದು. ಅವರಿಗೆ ಅದು ಕೊನೆಯ ದಾನ. ಜೀವನವಿಡೀ ಪ್ರಾಣಿಗಳ ಹಾಲು, ಮಾಂಸದಿಂದ ಬೆಳೆದ ಮೈಯನ್ನು ಪ್ರಾಣಿಗೇ ಹಿಂದಿರುಗಿಸುವುದು. ಗುರುತಿಗೆ ಒಂದು ಕಲ್ಲನ್ನೂ ನೆಡುವುದಿಲ್ಲ. ಡೇರೆ ಕಿತ್ತು ಮುಂದಕ್ಕೆ ಹೋಗುವವರು ಗೋರಿ ನೋಡಿಕೊಳ್ಳಲು ಯಾವಾಗ ಹಿಂದೆ ಬಂದಾರು? ಬೈಲುಕುಪ್ಪೆಯಲ್ಲಿ ಕಟ್ಟಿಗೆ ಸಿಗುತ್ತದೆ, ಆದ್ದರಿಂದ ಇಲ್ಲಿ ದಹನ. ಶತಮಾನಗಳ ರೂಢಿಯನ್ನು ಅವರು ಎಷ್ಟು ನಿರಾಯಾಸವಾಗಿ ಬದಲಿಸಿಕೊಂಡರು ಎಂಬುದೇ ನನಗೆ ಸೋಜಿಗ. ಹೆಣದ ವಿಷಯದಲ್ಲಿ ಅವರಿಗೆ ಹಟವಿಲ್ಲ.

ಹಟ ಇರುವುದು ಮುಂದಿನ 49 ದಿನಗಳ ಬಗ್ಗೆ. ಸತ್ತವರ ಪ್ರಜ್ಞೆ ಒಂದು ಜನ್ಮದಿಂದ ಇನ್ನೊಂದು ಜನ್ಮಕ್ಕೆ ಹೋಗುವ ನಡುದಾರಿಯಲ್ಲಿ ಹೆಚ್ಚೆಂದರೆ ಅಷ್ಟು ದಿನ ಇರುತ್ತದೆಂಬ ನಂಬಿಕೆ. ಆ ನಡುದಾರಿಯನ್ನು ಬಾರ್ದೋ ಎನ್ನುತ್ತಾರೆ. ಲಾಮಾ ಸತ್ತವರ ಹತ್ತಿರ ಕೂತು ‘ಬಾರ್ದೋ ಥೋಡೋಲ್’ ಓದುತ್ತಾರೆ. ಪದ್ಮಸಂಭವನೇ ಅಡಗಿಸಿಟ್ಟ ಗ್ರಂಥವಿದು, 14ನೇ ಶತಮಾನದಲ್ಲಿ ಕರ್ಮ ಲಿಂಗ್ಪಾ ಇದನ್ನು ಹುಡುಕಿ ತೆಗೆದ ಎನ್ನುತ್ತದೆ ಪರಂಪರೆ. ಓದುವುದು ಉಳಿದವರ ಸಮಾಧಾನಕ್ಕಲ್ಲ, ಹೋದವರಿಗೆ ದಾರಿ ಹೇಳುವುದಕ್ಕೆ. ನೀನು ಸತ್ತಿದ್ದೀ, ಈಗ ಕಾಣುವ ಬೆಳಕಿಗೆ, ರೂಪಗಳಿಗೆ ಹೆದರಬೇಡ, ಬಿಟ್ಟುಬಂದದ್ದಕ್ಕೆ ಅಂಟಿಕೊಳ್ಳಬೇಡ ಎಂಬ ಅರ್ಥದ ಮಾತುಗಳು. ಪ್ರತಿ ಏಳನೇ ದಿನಕ್ಕೆ ಪೂಜೆ, ಬೆಣ್ಣೆದೀಪ.

ಮೊಮೊ-ಲಾ ತನ್ನ ದೀಪಗಳಿಗೆ ದುಡ್ಡು ತೆಗೆದಿಟ್ಟಿದ್ದಾರೆ. ಕಪಾಟಿನ ಯಾವ ಡಬ್ಬಿಯಲ್ಲಿ ಎಂದು ಮೊಮ್ಮಗಳಿಗೆ ಗೊತ್ತು. ಇನ್ನೂ ಎರಡು ಮಾತು ಹೇಳಿಟ್ಟಿದ್ದಾರಂತೆ. ಉಸಿರು ನಿಂತಮೇಲೆ ಕೈಕಾಲು ಹಿಡಿದು ಅಲುಗಿಸಬಾರದು, ಮುಟ್ಟಲೇಬೇಕಾದರೆ ಮೊದಲು ನೆತ್ತಿ ಮುಟ್ಟಬೇಕು. ಪ್ರಜ್ಞೆ ಹೊರಡುವುದು ನೆತ್ತಿಯ ಮೂಲಕ ಆಗಬೇಕು. ಹತ್ತಿರ ಕೂತು ಅಳಬಾರದು. ಅತ್ತರೆ ಹೊರಟವರಿಗೆ ಹಿಂದೆ ತಿರುಗಿ ನೋಡುವ ಹಾಗಾಗುತ್ತದೆ. ‘ಅಳಬೇಕು ಅನ್ನಿಸಿದರೆ ಹೊಲಕ್ಕೆ ಹೋಗು ಅಂದಿದ್ದಾರೆ’ ಎಂದು ಹೇಳುವಾಗ ಮೊಮ್ಮಗಳ ಕಣ್ಣು ಆಗಲೇ ತುಂಬಿತ್ತು. ಅಜ್ಜಿ ಅವಳ ಮಂಡಿ ತಟ್ಟಿ ನಕ್ಕರು.

ಇಲ್ಲಿಯ ಭಿಕ್ಷುಗಳಿಗೆ ಸಾವು ಸಾಧನೆಯ ಕೊನೆಯ ಘಟ್ಟ. ಪೆನೋರ್ ರಿನ್ಪೋಚೆ 2009ರ ಮಾರ್ಚ್‌ನಲ್ಲಿ ಇಲ್ಲಿಯೇ ತೀರಿಕೊಂಡಾಗ, ಅವರು ಥುಕ್ದಂನಲ್ಲಿದ್ದಾರೆ ಎಂದು ಶಿಷ್ಯರು ತಿಳಿದರು. ಉಸಿರು, ಎದೆಬಡಿತ ನಿಂತರೂ ಧ್ಯಾನ ಮುಂದುವರಿಯುತ್ತದೆ, ಅಷ್ಟು ದಿನ ದೇಹ ಕೆಡುವುದಿಲ್ಲ ಎಂಬುದು ನಂಬಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್ಸನ್ ತಂಡ ಭಾರತದಲ್ಲಿ ಇಂಥ ದೇಹಗಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿತು. ಮೆದುಳಿನ ವಿದ್ಯುತ್ ಚಟುವಟಿಕೆ ಏನೂ ಕಾಣಲಿಲ್ಲ. ನಾನು ಆ ಫಲಿತಾಂಶವನ್ನು ಒಪ್ಪುತ್ತೇನೆ. ಆದರೆ ಸಾಯುವ ಗಳಿಗೆಯನ್ನು ಇಷ್ಟು ವರ್ಷ ಮುಂಚಿನಿಂದ, ಹೀಗೆ ಕಲಿತು ತಯಾರಾಗುವ ಜನ ಇದ್ದಾರೆಂಬುದರ ಮುಂದೆ ನನ್ನ ಅಚ್ಚರಿ ಕಡಿಮೆಯಾಗಲಿಲ್ಲ.

ಈ ತಯಾರಿಯಲ್ಲಿ ಈಗ ಒಂದು ತೊಡಕು ಇದೆ. ಹರೆಯದವರು ಕೆನಡಾ, ಅಮೆರಿಕ, ಯುರೋಪಿಗೆ ಹೋಗುತ್ತಿದ್ದಾರೆ. ನೋಡಿಕೊಳ್ಳುವವರಿಲ್ಲದ ಮುದುಕರಿಗಾಗಿ ವಸತಿಯಲ್ಲಿ ವೃದ್ಧಾಶ್ರಮ ನಡೆಯುತ್ತಿದೆ. ಹೊರದೇಶಕ್ಕೆ ಹೋಗಲು ಈ ಮೊಮ್ಮಗಳೂ ಅರ್ಜಿ ಹಾಕಿದ್ದಾಳೆ. ಅಜ್ಜಿ ಹೋಗಬೇಡ ಅಂದಿಲ್ಲ. ಅದು ನನ್ನನ್ನು ಕಾಡಿತು, ಏಕೆಂದರೆ ಕುದ್ರೋಳಿಯಲ್ಲಿ ದುಬೈಗೆ ಹೊರಟ ಮಗನ ಹಿಂದೆ ಅಮ್ಮಂದಿರು ರಸ್ತೆಯವರೆಗೂ ಅಳುತ್ತಾ ಬರುವುದನ್ನು ನೋಡಿ ಬೆಳೆದವಳು ನಾನು.

ಆಮೇಲೆ ಕೇಳುವ ಸರದಿ ಅವರದಾಯಿತು. ನಿಮ್ಮಲ್ಲಿ ಸತ್ತವರನ್ನು ಏನು ಮಾಡುತ್ತೀರಿ? ನಾನು ಹೇಳಿದೆ. ಬೋಳೂರಿನ ರುದ್ರಭೂಮಿಯಲ್ಲಿ ಸುಡುತ್ತೇವೆ. ದಿನ ಕಳೆದಮೇಲೆ ಬೊಜ್ಜ ಮಾಡುತ್ತೇವೆ. ಹೋದವರನ್ನು ಮನೆಯ ಒಳಗೆ ಕರೆದು ಹಿರಿಯರ ಜತೆ ಸೇರಿಸುತ್ತೇವೆ. ಆಮೇಲೆ ವರ್ಷವರ್ಷವೂ ಆಟಿ ತಿಂಗಳ ಮಳೆಯಲ್ಲಿ ಅವರಿಗೆ ಎಡೆ ಬಡಿಸುತ್ತೇವೆ. ಬಾಳೆಎಲೆಯ ಮೇಲೆ ಕೋಳಿ ಪದಾರ್ಥ, ರೊಟ್ಟಿ, ಅವರಿಗೆ ಬದುಕಿದ್ದಾಗ ಏನು ಇಷ್ಟವೋ ಅದೆಲ್ಲ ಇಟ್ಟು, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಹೊರಗೆ ಕಾಯುತ್ತೇವೆ.

ಮೊಮೊ-ಲಾ ಚಕ್ರ ತಿರುಗಿಸುವುದನ್ನು ನಿಲ್ಲಿಸಿದರು. ಮೊಮ್ಮಗಳಿಗೆ ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದರು. ಸತ್ತವರು ಮುಂದೆ ಹೋಗಲಿ ಎಂದು 49 ದಿನ ದುಡಿಯುವವರಿಗೆ, ಅವರನ್ನು ವರ್ಷಕ್ಕೊಮ್ಮೆ ಊಟಕ್ಕೆ ವಾಪಸು ಕರೆಯುವ ಜನ ಇದ್ದಾರೆಂಬುದು ವಿಚಿತ್ರವಾಗಿ ಕಂಡಿತು. ನೆಲೆ ನಿಂತವರ ಸತ್ತವರಿಗೂ ಮನೆ ಇದೆ, ಅಲೆಯುವವರ ಸತ್ತವರಿಗೆ ದಾರಿ ಇದೆ ಎಂದು ನನಗೆ ಹೊಳೆದದ್ದು ಆಗ. ನಮ್ಮ ಹಿರಿಯರು ಅದೇ ತೆಂಗಿನ ಬುಡ, ಅದೇ ಬಾವಿಕಟ್ಟೆ ಹುಡುಕಿಕೊಂಡು ಬರಬಲ್ಲರು. ಚಾಂಗ್‌ತಾಂಗಿನಲ್ಲಿ ಕಳೆದ ಬೇಸಿಗೆಯ ಡೇರೆ ಈ ಬೇಸಿಗೆಗೆ ಅಲ್ಲಿರುವುದಿಲ್ಲ.

‘ವರ್ಷಾ ವರ್ಷಾ ಕರೆದ್ರೆ ಅವರು ಹೋಗೋದು ಯಾವಾಗ?’ ಎಂದು ಅವರೇ ಕನ್ನಡದಲ್ಲಿ ಕೇಳಿದರು.

ಅವರು ಎಲ್ಲಿಗೂ ಹೋಗಬೇಕಾಗಿಲ್ಲ ಮೊಮೊ-ಲಾ, ನಮ್ಮಲ್ಲಿ ಅವರು ಇರುವುದೇ ಮನೆಯಲ್ಲಿ ಎಂದೆ. ಮಕ್ಕಳನ್ನು ಕಾಯುತ್ತಾರೆ, ಎಡೆ ಮರೆತರೆ ಕನಸಿನಲ್ಲಿ ಬಂದು ಕೇಳುತ್ತಾರೆ ಎಂದೂ ಹೇಳಿದೆ. ಅವರು ಸ್ವಲ್ಪ ಯೋಚಿಸಿದರು. ಹಾಗಾದರೆ ಆ ಮನೆ ಮಾರಿದರೆ ಅವರ ಗತಿ ಏನು ಎಂದರು. ಕುದ್ರೋಳಿಯಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಫ್ಲ್ಯಾಟ್‌ಗಳಾಗುತ್ತಿವೆ, ನಮ್ಮ ಹಿತ್ತಿಲಿನ ಮಾತುಕತೆಯೂ ನಡೆಯುತ್ತಿದೆ. ನನಗೆ ಉತ್ತರ ಗೊತ್ತಿಲ್ಲ ಎಂದೆ. ಅವರು ಮೊಮ್ಮಗಳ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದರು. ಅವಳು ಕನ್ನಡಕ್ಕೆ ತಂದಳು: ಮಾರುವ ಮುಂಚೆ ಅವರನ್ನು ಕೂರಿಸಿ ವಿಷಯ ತಿಳಿಸಬೇಕಂತೆ. ಹೊಸ ಮನೆ ಎಲ್ಲಿ, ದಾರಿ ಹೇಗೆ, ಎಲ್ಲಿ ತಿರುಗಬೇಕು, ಎಲ್ಲವನ್ನೂ ಗಟ್ಟಿಯಾಗಿ, ಹೆಸರು ಹಿಡಿದು ಕರೆದು ಹೇಳಬೇಕಂತೆ. ಸತ್ತವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದಂತೆ.