ಹಿನ್ನೀರಿನಾಚೆಯ ಒಂದು ಬೀಳ್ಕೊಡುಗೆ

ಸಾಗರದಿಂದ ಹೊರಟ ಬಸ್ಸು ಅಂಬಾರಗೋಡ್ಲನ್ನು ಸಮೀಪಿಸುತ್ತಿದ್ದಂತೆ ನಾನು ಕೈಚೀಲವನ್ನೆತ್ತಿಕೊಂಡು ಇಳಿಯಲು ಸಿದ್ಧನಾದೆ. ಹತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಬಂದಿದ್ದಾಗ ರಸ್ತೆ ಇಲ್ಲಿಗೆ ಮುಗಿದಿತ್ತು. ಮುಂದಿದ್ದುದು ಶರಾವತಿಯ ಹಿನ್ನೀರು. ಅದನ್ನು ದಾಟಿಸುತ್ತಿದ್ದುದು ಲಾಂಚು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಅವಸರವನ್ನು ಕಂಡು ನಕ್ಕರು.

"ಕೂತ್ಕಳಿ ಸ್ವಾಮಿ, ಈಗ ಇಳಿಯದು ಬ್ಯಾಡ. ಬಸ್ಸೇ ದಾಟ್ತದೆ."

ನಾನು ನಾಚಿ ಮತ್ತೆ ಕುಳಿತುಕೊಂಡೆ. ಬಸ್ಸು ಸೇತುವೆಯನ್ನೇರಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಚೆ ದಡದ ಒಂದು ಪ್ರೌಢಶಾಲೆಯಲ್ಲಿ ಕನ್ನಡದ ಅಧ್ಯಾಪಕ. ಹತ್ತನೆಯ ತರಗತಿಯ ಮಕ್ಕಳ ಬೀಳ್ಕೊಡುಗೆಗೆ ನಾನು ಬರಲೇಬೇಕೆಂದು ಅವನ ಹಟ. "ನಿಮ್ಮ ಭಾಷಣ ಚಿಕ್ಕದಾದರೂ ಚಿಂತೆಯಿಲ್ಲ ಸರ್, ಮಕ್ಕಳ ಮಾತನ್ನು ಕೇಳುವುದಕ್ಕಾದರೂ ಬನ್ನಿ" ಎಂದಿದ್ದ. ಶಿಷ್ಯನಾದವನು ಗುರುವಿನ ಭಾಷಣದ ಉದ್ದವನ್ನು ಇನ್ನೂ ಮರೆತಿಲ್ಲವೆಂದು ತಿಳಿದು, ನಗುತ್ತಲೇ ಒಪ್ಪಿಕೊಂಡಿದ್ದೆ.

ನೀರು ಬಂದ ಕಥೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಹುಟ್ಟುವಾಗಲೇ ದ್ವೀಪಗಳಾಗಿರಲಿಲ್ಲ. ಶರಾವತಿ ಇಲ್ಲಿ ಒಂದು ಹೊಳೆಯಷ್ಟೆ. ಅದರ ಎರಡು ದಂಡೆಗಳಲ್ಲಿ ಗದ್ದೆ, ತೋಟ, ಮನೆ, ದೇವಸ್ಥಾನಗಳಿದ್ದವು. ಜೋಗದ ವಿದ್ಯುತ್ತಿಗಾಗಿ ಮೊದಲು ಹಿರೇಭಾಸ್ಕರದ ಅಣೆಕಟ್ಟು ಎದ್ದಿತು. ಅನಂತರ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೇ ನೀರಿನಲ್ಲಿ ಮುಳುಗಿತು. ಜಲಾಶಯದ ಪೂರ್ಣಮಟ್ಟ 1,819 ಅಡಿ. ಹಿಡಿಯುವ ನೀರು 151 ಟಿ.ಎಂ.ಸಿ.ಯಷ್ಟು. ನಾಡಿನ ಮನೆಗಳಲ್ಲಿ ದೀಪ ಉರಿಯಲೆಂದು ಇಲ್ಲಿಯ ಎಷ್ಟೋ ಮನೆಗಳ ಒಲೆ ಆರಿತು. ಗಂಟುಮೂಟೆ ಕಟ್ಟಿಕೊಂಡು ಹೊರಟವರಲ್ಲಿ ಹಲವರು ಹೊಸ ನೆಲದ ಹಕ್ಕಿಗಾಗಿ ದಶಕಗಳ ಕಾಲ ಕಚೇರಿಗಳ ಮೆಟ್ಟಿಲು ಹತ್ತಬೇಕಾಯಿತು. ಎತ್ತರದಲ್ಲಿದ್ದ ಹಳ್ಳಿಗಳು ಮುಳುಗಲಿಲ್ಲ, ಆದರೆ ನೀರಿನಾಚೆ ಉಳಿದುಬಿಟ್ಟವು.

ಈ ಸಂಕಟವನ್ನು ಕನ್ನಡಕ್ಕೆ ತಂದವರು ಸಾಗರದಲ್ಲಿಯೇ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ. ಅವರ 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ತರಗತಿಯಲ್ಲಿ ಕುಳಿತು ಓದುವುದು ಒಂದು ಬಗೆ. ಈ ನೀರನ್ನು ಕಣ್ಣೆದುರಿಟ್ಟುಕೊಂಡು ನೆನೆಯುವುದು ಮತ್ತೊಂದು ಬಗೆ. ಫೆಬ್ರವರಿಯ ಕೊನೆಯಾದ್ದರಿಂದ ನೀರು ಇಳಿಯತೊಡಗಿತ್ತು. ದಡದುದ್ದಕ್ಕೂ ಕೆಂಪುಮಣ್ಣಿನ ಅಂಚು. ಅಲ್ಲಲ್ಲಿ ಹಿಂದಿನ ಕಾಡಿನ ಮರಗಳ ಕಪ್ಪು ಬೊಡ್ಡೆಗಳು ನೀರಿನಿಂದ ತಲೆಯೆತ್ತಿದ್ದವು.

ಸೇತುವೆಗೆ 2018ರಲ್ಲಿ ಅಡಿಗಲ್ಲು ಬಿದ್ದಿತು; 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದ. ನಡುಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಎತ್ತಿ ಹಿಡಿದಿವೆ. ದೂರದಿಂದ ನೋಡಿದರೆ ಯಾರೋ ನೀರಿನ ಮೇಲೆ ದೊಡ್ಡ ವೀಣೆಗಳನ್ನು ನಿಲ್ಲಿಸಿದಂತೆ ಕಾಣುತ್ತದೆ. ಹಿಂದೆ ಲಾಂಚಿಗೆ ಕಾದು ದಾಟುವುದಕ್ಕೆ ಒಮ್ಮೊಮ್ಮೆ ಗಂಟೆಗಳೇ ಹಿಡಿಯುತ್ತಿದ್ದವು. ಬೇಸಿಗೆಯಲ್ಲಿ ನೀರು ತೀರ ತಗ್ಗಿದರೆ ವಾಹನಗಳನ್ನು ಹತ್ತಿಸಿಕೊಳ್ಳುವುದೇ ನಿಲ್ಲುತ್ತಿತ್ತು. ನಮ್ಮ ಬಸ್ಸು ಮಾತಿಗೆ ಮಾತು ಕೂಡುವಷ್ಟರಲ್ಲಿ ಆಚೆ ದಡವನ್ನು ಮುಟ್ಟಿತು.

ಆರು ಗಡಿಯಾರಗಳ ಶಾಲೆ

ಶಾಲೆ ಚಿಕ್ಕದು. ಹೆಂಚಿನ ಮಾಡು, ಉದ್ದನೆಯ ಜಗಲಿ, ಎದುರಿಗೆ ಕೆಂಪುಮಣ್ಣಿನ ಆಟದ ಬಯಲು. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಅಂಗಳದ ತುಂಬ ರಂಗೋಲಿ ಹಾಕಿದ್ದರು. ಉಪ್ಪಿಟ್ಟು, ಕೇಸರಿಬಾತುಗಳ ಪರಿಮಳ ಸರಸ್ವತಿಯ ಪಟದ ಮುಂದಿನ ಊದುಬತ್ತಿಯ ಹೊಗೆಯೊಡನೆ ಸ್ಪರ್ಧೆ ನಡೆಸಿತ್ತು. ಹುಡುಗಿಯರೆಲ್ಲ ಸೀರೆಯುಟ್ಟು, ನಡೆಯುವುದನ್ನು ಆಗತಾನೆ ಕಲಿತವರಂತೆ ಎಚ್ಚರಿಕೆಯಿಂದ ಹೆಜ್ಜೆಯಿಡುತ್ತಿದ್ದರು. ಹುಡುಗರು ಇಸ್ತ್ರಿ ಮಾಡಿದ ಬಿಳಿಯ ಅಂಗಿಗಳಲ್ಲಿ ಗೋಡೆಗೆ ಒರಗಲೂ ಹೆದರಿ ನೆಟ್ಟಗೆ ನಿಂತಿದ್ದರು.

ಮುಖ್ಯೋಪಾಧ್ಯಾಯಿನಿಯವರ ಕೋಣೆಯ ಗೋಡೆಯಲ್ಲಿ ಆರು ಗಡಿಯಾರಗಳು ತೂಗುತ್ತಿದ್ದವು. ಒಂದೊಂದರ ಮೇಲೂ ಅದನ್ನು ಕೊಟ್ಟ ತಂಡದ ವರ್ಷ. ಒಂದೊಂದೂ ತೋರಿಸುತ್ತಿದ್ದುದು ಬೇರೆ ಬೇರೆ ಹೊತ್ತು. "ಪ್ರತಿ ವರ್ಷ ಬೀಳ್ಕೊಡುಗೆಗೆ ಗಡಿಯಾರವನ್ನೇ ಕೊಡುತ್ತಾರೆ. ಸೆಲ್ಲು ಹಾಕುವುದಕ್ಕೆ ಮಾತ್ರ ಯಾರೂ ಬರುವುದಿಲ್ಲ" ಎಂದು ಅವರು ನಕ್ಕರು. ಈ ವರ್ಷದ ಉಡುಗೊರೆಯನ್ನು ಹುಡುಗನೊಬ್ಬ ಬಣ್ಣದ ಕಾಗದದಲ್ಲಿ ಸುತ್ತಿ ಹಿಡಿದುಕೊಂಡಿದ್ದ. ಅದರ ದುಂಡನೆಯ ಆಕಾರವನ್ನು ಕಂಡು ನಾನು ಏನನ್ನೂ ಕೇಳಲಿಲ್ಲ.

ಕಾರ್ಯಕ್ರಮದ ಕ್ರಮವನ್ನು ನನ್ನ ಶಿಷ್ಯನೇ ಗೊತ್ತುಮಾಡಿದ್ದ. ಮೂವತ್ತರಷ್ಟು ಮಕ್ಕಳು. ಒಬ್ಬೊಬ್ಬರೂ ಎದ್ದು ಬಂದು ಒಂದು ನೆನಪನ್ನೂ ಒಂದು ಆಸೆಯನ್ನೂ ಹೇಳಬೇಕು. ಅದಕ್ಕಿಂತ ಹೆಚ್ಚಿಲ್ಲ, ಕಡಮೆಯೂ ಇಲ್ಲ.

ಮೊದಲು ಬಂದವನು ಕಾಡಿನ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದ ಹುಡುಗ. ಮಳೆಗಾಲದಲ್ಲಿ ಜಗಲಿಯ ಮೇಲೆ ಸಾಲಾಗಿ ಕುಳಿತು ಕಾಲಿನ ಉಂಬಳಗಳನ್ನು ಬಿಡಿಸಿಕೊಂಡ ಮೇಲೆಯೇ ತರಗತಿಗೆ ಪ್ರವೇಶವಂತೆ. ಗಣಿತದ ಮೇಷ್ಟ್ರು ಸೀಮೆಸುಣ್ಣದ ಡಬ್ಬಿಯಲ್ಲಿ ಒಂದಿಷ್ಟು ಉಪ್ಪನ್ನೂ ಇಟ್ಟುಕೊಂಡಿರುತ್ತಿದ್ದರಂತೆ. "ಲೆಕ್ಕ ಎಷ್ಟು ತಲೆಗೆ ಹೋಯ್ತೋ ಗೊತ್ತಿಲ್ಲ ಸರ್, ಉಪ್ಪು ಮಾತ್ರ ಮರೆಯಲ್ಲ" ಎಂದ. ಅವನ ಮನೆಯ ಅಡಿಕೆ ತೋಟ ಎಲೆಚುಕ್ಕಿ ರೋಗದಿಂದ ಸೊರಗಿದೆ. ಕೃಷಿವಿಜ್ಞಾನ ಓದಿ ಅದಕ್ಕೊಂದು ಮದ್ದು ಕಾಣಬೇಕೆಂಬುದು ಅವನ ಆಸೆ.

ಅವನ ಹಿಂದೆ ಬಂದ ಹುಡುಗಿ ಎಂಟನೆಯ ತರಗತಿಯಲ್ಲಿದ್ದಾಗಿನ ಒಂದು ರಾತ್ರಿಯನ್ನು ನೆನೆದಳು. ತಾಲ್ಲೂಕು ಕ್ರೀಡಾಕೂಟದಲ್ಲಿ ಕಬಡ್ಡಿ ಗೆದ್ದು ಬರುವಷ್ಟರಲ್ಲಿ ಕೊನೆಯ ಲಾಂಚು ಹೋಗಿಬಿಟ್ಟಿತ್ತು. ಆಚೆ ದಡದಲ್ಲಿ ಮನೆಯವರ ಟಾರ್ಚುಗಳ ಬೆಳಕು ಕಾಣುತ್ತಿತ್ತು, ಕೂಗಿದರೆ ಕೇಳಿಸುತ್ತಿರಲಿಲ್ಲ. ವ್ಯಾಯಾಮದ ಮೇಷ್ಟ್ರು ಅವಲಕ್ಕಿ, ಬಾಳೆಹಣ್ಣು ಕೊಡಿಸಿದರು. ಗೆದ್ದ ಕಪ್ಪನ್ನು ಸರದಿಯಂತೆ ತಲೆದಿಂಬು ಮಾಡಿಕೊಂಡು ಹುಡುಗಿಯರೆಲ್ಲ ಅಂಗಡಿಯ ಮುಂಗಟ್ಟಿನಲ್ಲಿ ಮಲಗಿದರು. ಸಭೆ ಗೊಳ್ಳೆಂದು ನಕ್ಕಿತು. ಆದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಎಂಟನೆಯ ತರಗತಿಯ ಮಕ್ಕಳು, ತಮಗಿನ್ನು ಇಂಥ ರಾತ್ರಿ ದೊರೆಯಲಾರದೆಂಬ ಅಸೂಯೆಯಿಂದಲೋ ಏನೋ, ಬಾಯಿ ತೆರೆದು ಕೇಳುತ್ತಿದ್ದರು.

ಇನ್ನೊಬ್ಬ ಮೂರು ವರ್ಷವೂ ಶಾಲೆಯ ಗಂಟೆ ಬಾರಿಸಿದವನು. ಗಂಟೆಯೆಂದರೆ ಜಗಲಿಯ ತೊಲೆಗೆ ತೂಗುಹಾಕಿದ ಕಬ್ಬಿಣದ ಹಳಿಯ ತುಂಡು. ಅವನು ಬಂದು ನಿಂತು, "ನಾಳೆಯಿಂದ ಬೆಲ್ ಯಾರು ಹೊಡೀತಾರೆ?" ಎಂದು ಕೇಳಿದವನೇ ಅತ್ತುಬಿಟ್ಟ. ಆಸೆಯನ್ನು ಹೇಳುವುದಕ್ಕೆ ಅವನಿಂದಾಗಲಿಲ್ಲ. ಯಾರೂ ಒತ್ತಾಯಿಸಲೂ ಇಲ್ಲ.

ನರ್ಸ್ ಆಗುವವರು, ಸೈನ್ಯಕ್ಕೆ ಸೇರುವವರು, ಐ.ಟಿ.ಐ. ಮಾಡಿ ಬೆಂಗಳೂರಿಗೆ ಹೋಗುವವರು ಬಂದರು, ಹೋದರು. ನನ್ನ ಮನಸ್ಸನ್ನು ಸೆಳೆದವನು ಚಿಕ್ಕಂದಿನಿಂದಲೂ ಲಾಂಚು ನಡೆಸಬೇಕೆಂದು ಕನಸು ಕಂಡಿದ್ದ ಹುಡುಗ. ಕನಸು ಕೈಗೂಡುವ ಮೊದಲೇ ಸೇತುವೆ ಬಂದಿತು. "ಈಗ ಬಸ್ ಡ್ರೈವರ್ ಆಗ್ತೀನಿ ಸರ್. ಸಾಗರದಿಂದ ನಮ್ಮೂರಿಗೆ ಬರೋ ಕೊನೇ ಬಸ್ಸು ನಾನೇ ಓಡಿಸ್ತೀನಿ. ಯಾರಾದ್ರೂ ಓಡಿ ಬರ್ತಾ ಇದ್ರೆ ನಿಲ್ಲಿಸ್ತೀನಿ" ಎಂದ. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಅವನಿಗೇ ಬಿದ್ದಿತು.

ಹೋಗಿ ಬರುವ ಆಸೆ

ಕೊನೆಯಲ್ಲಿ ಬಂದವಳು ಸಣ್ಣ ಮೈಕಟ್ಟಿನ ಒಬ್ಬ ಹುಡುಗಿ. ಕೈಯಲ್ಲಿ ಚೀಟಿಯಿರಲಿಲ್ಲ.

"ನನ್ನ ಅಕ್ಕ ಇದೇ ಶಾಲೆಯಲ್ಲಿ ಓದಿದ್ದು. 625ಕ್ಕೆ 561 ಬಂದಿತ್ತು. ಅವಳ ಬೀಳ್ಕೊಡುಗೆಯ ದಿವಸ ನಾನು ಇಲ್ಲೇ ಕೂತು ಕೇಸರಿಬಾತು ತಿಂದಿದ್ದೆ. ಅವತ್ತು ಅವಳು ಸಾಗರಕ್ಕೆ ಹೋಗಿ ವಿಜ್ಞಾನ ಓದ್ತೀನಿ ಅಂದಿದ್ದಳು. ದಿನಾ ಹೋಗಿ ಬರೋಕೆ ಆಗಲ್ಲ, ಒಬ್ಬಳನ್ನೇ ಅಲ್ಲಿ ಬಿಡೋಕೆ ಆಗಲ್ಲ ಅಂತ ಮನೆಯಲ್ಲೇ ಉಳಿದಳು. ಅದೇ ನನ್ನ ನೆನಪು. ನನ್ನ ಆಸೆ ದೊಡ್ಡದಲ್ಲ. ನಾನು ದಿನಾ ಹೋಗಿ ಬರ್ತೀನಿ."

ಅವಳು ಹೋಗಿ ಕುಳಿತ ಮೇಲೂ ಸ್ವಲ್ಪ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅನಂತರ ನನ್ನ ಭಾಷಣ. ಸೇತುವೆಯಾದ ಮೇಲೆ ಶಾಲೆ ಬಿಡುತ್ತಿರುವ ಮೊದಲ ತಂಡ ನೀವು, ನಿಮ್ಮ ಅಜ್ಜಂದಿರು ನೀರಿಗೆ ಅಂಜಿ ಊರು ಬಿಟ್ಟರು, ನೀವು ನೀರಿನ ಮೇಲೆಯೇ ನಡೆದು ಲೋಕವನ್ನು ಸೇರುವಿರಿ ಎಂದೆಲ್ಲ ಹೇಳಿದೆ. ಮಾತು ಚೆನ್ನಾಗಿಯೇ ಇದ್ದಿತೆಂದು ಆಗ ತೋರಿತ್ತು.

ಉಪಾಹಾರದ ಹೊತ್ತಿನಲ್ಲಿ ಹೆಗಲ ಮೇಲೆ ಟವೆಲು ಹೊದ್ದ ಒಬ್ಬರು ನನ್ನ ಬಳಿ ಬಂದು ನಿಂತರು. ಆ ಹುಡುಗಿಯ ತಂದೆ. ಹಿಂದೆ ಮಗುವನ್ನು ಸೊಂಟದ ಮೇಲಿರಿಸಿಕೊಂಡ ಹಿರಿಯ ಮಗಳು.

"ಹುಡುಗಿ ಹೇಳಿದ್ದು ಕೇಳಿದ್ರಲ್ಲ ಸ್ವಾಮಿ. ಸೇತುವೆ ಏನೋ ಬಂತು. ಬೆಳಿಗ್ಗೆ ಹೋಗದು ಸರಿ. ಸಂಜೆ ಪಾಠ ತಡ ಆಗಿ ಬಸ್ಸು ತಪ್ಪಿದ್ರೆ ಎಂತ ಮಾಡದು?"

ನನಗೆ ಉತ್ತರ ತೋಚಲಿಲ್ಲ. ಅರ್ಧ ಗಂಟೆಯ ಹಿಂದೆ ಅಷ್ಟೊಂದು ಮಾತನಾಡಿದವನು ಉಪ್ಪಿಟ್ಟಿನ ತಟ್ಟೆ ಹಿಡಿದು ಸುಮ್ಮನೆ ನಿಂತೆ. ಸೇತುವೆಯನ್ನು ಕಟ್ಟುವವರು ಎರಡು ದಡಗಳನ್ನು ಕೂಡಿಸುತ್ತಾರೆ. ಆದರೆ ಸಂಜೆಯ ಒಂದು ಬಸ್ಸಿನ ಭರವಸೆ, ಕತ್ತಲಾದರೆ ನಿಲ್ಲುವುದಕ್ಕೆ ಒಂದು ಮನೆ, ಮಗಳನ್ನು ಕಳಿಸಿ ನೆಮ್ಮದಿಯಿಂದ ತೋಟದ ಕೆಲಸ ನೋಡುವ ತಂದೆಯ ಧೈರ್ಯ, ಇವು ಕಾಂಕ್ರೀಟಿನೊಡನೆ ಬರುವುದಿಲ್ಲ.

ಉತ್ತರ ಹೇಳಿದವಳು ಹಿರಿಯ ಮಗಳು. ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತ ಮೆಲ್ಲಗೆ, "ಬಸ್ಸು ತಪ್ಪಿದ್ರೆ ಒಂದು ರಾತ್ರಿ ಹೋಯ್ತು ಅಪ್ಪಯ್ಯ. ಕಾಲೇಜು ತಪ್ಪಿದ್ರೆ?" ಎಂದಳು.

ತಂದೆ ಅವಳ ಮುಖ ನೋಡಲಿಲ್ಲ. ಆಟದ ಬಯಲಿನ ಕಡೆಗೆ ನೋಡುತ್ತ ಬಹಳ ಹೊತ್ತು ನಿಂತರು. ಅಲ್ಲಿ ಛಾಯಾಚಿತ್ರಕ್ಕಾಗಿ ಮಕ್ಕಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸುತ್ತಿದ್ದರು. ಚಿಕ್ಕ ಮಗಳು ಮುಂದಿನ ಸಾಲಿನಲ್ಲಿ ಸೆರಗನ್ನು ಸರಿಪಡಿಸಿಕೊಳ್ಳುತ್ತಿದ್ದಳು. ಕೊನೆಗೆ ಅವರು ನನ್ನತ್ತ ತಿರುಗಿ, "ಸಾಗರದಿಂದ ಈ ಕಡೆಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಸರಿಯಾಗಿ ಒಂದು ತಿಳಿಸ್ತೀರಾ?" ಎಂದರು.

ಹೊರಡುವಾಗ ಮಕ್ಕಳೆಲ್ಲ ಗೇಟಿನವರೆಗೆ ಬಂದು, "ಹೋಗಿ ಬನ್ನಿ ಸರ್" ಎಂದರು. ಹೊರಟು ನಿಂತವರಿಗೆ ನಮ್ಮಲ್ಲಿ ಬರಿದೆ 'ಹೋಗಿ' ಎನ್ನುವ ವಾಡಿಕೆಯಿಲ್ಲ. ಜೊತೆಗೆ 'ಬನ್ನಿ' ಎಂದು ಸೇರಿಸಿಯೇ ಕಳಿಸುತ್ತೇವೆ. ಈ ನೀರಿನ ಅಡಿಯಲ್ಲಿದ್ದ ಊರುಗಳಿಂದ ಹೊರಟವರಿಗೆ ಹಾಗೆ ಹೇಳುವುದಕ್ಕೆ ಹಿಂದೆ ಊರೇ ಉಳಿದಿರಲಿಲ್ಲ.

ಸೇತುವೆಯನ್ನು ಮತ್ತೆ ದಾಟುವಾಗ ಹೊತ್ತು ಮುಳುಗಿತ್ತು. ಸಾಗರದ ನಿಲ್ದಾಣದಲ್ಲಿ ಇಳಿದವನೇ ವಿಚಾರಣೆಯ ಕಿಟಕಿಗೆ ಹೋಗಿ, ಸಂಜೆ ಆ ದಡಕ್ಕೆ ಹೊರಡುವ ಬಸ್ಸುಗಳ ವೇಳೆಯನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆ. ಕಡೆಯದನ್ನು ಎರಡು ಸಲ ಕೇಳಿದೆ. ಆಮೇಲೆ ನನ್ನ ಶಿಷ್ಯನಿಗೆ ಫೋನು ಮಾಡಿ, ಆ ಹುಡುಗಿಯ ಮನೆಗೆ ಇವತ್ತೇ ತಿಳಿಸಬೇಕೆಂದು ಹೇಳಿದೆ.