ಭಾಗ 4: ‘ಏಳ್ರಿ, ಕರೆಂಟ್ ಬಂತು’

ಶಿಕಾರಿಪುರ, ಸೊರಬ ಕಡೆ ಮೋಟಾರ್ ಇರೋ ಮನೆಯವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಮನೆಗೆ ಸಿಂಗಲ್ ಫೇಸ್ ಇರುತ್ತೆ. ತೋಟಕ್ಕೆ ತ್ರೀ ಫೇಸ್ ಯಾವಾಗ ಬರುತ್ತೆ ಅನ್ನೋದೇ ಲೆಕ್ಕ. ರಾತ್ರಿ ಪಾಳಿ ಇದ್ರೆ ಯಾರಾದ್ರೂ ಒಬ್ರು ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ಬೇಕು.

ಸೊರಬದ ಹತ್ರ ನಮ್ಮಜ್ಜನ ಮನೇಲಿ ಆ ಒಬ್ರು ಅಂದ್ರೆ ಅಜ್ಜನೇ. ಎಪ್ಪತ್ತು ದಾಟಿದೆ. ತೋಟದ ತುಂಬ ದರಗು, ಹಾವು ಮಲಗಿದ್ರೂ ಗೊತ್ತಾಗಲ್ಲ.

‘ಆಟೋ ಸ್ಟಾರ್ಟರ್ ಹಾಕಿ’ ಅಂತೀರಾ? ಬೋರಲ್ಲಿ ನೀರು ಕಮ್ಮಿಯಾಗಿ ಮೋಟಾರ್ ಬರೀ ಓಡಿದ್ರೆ ಸುಟ್ಟೋಗುತ್ತೆ ಅಂತ ಅಜ್ಜಂಗೆ ಭಯ. ಆನ್ ಮಾಡೋ ಕೈ ತಂದೇ ಇರ್ಬೇಕು ಅಂತಾರೆ. ಸರಿ, ಮೋಟಾರ್ ಮುಟ್ಟೋದು ಬೇಡ, ಸುದ್ದಿ ಮಾತ್ರ ಮುಟ್ಟಿಸೋಣ ಅಂದ್ಕೊಂಡೆ.

ಹೆಂಗೆ? 👇

ಸ್ಟಾರ್ಟರ್ ಹತ್ರ ಮೂರೂ ಫೇಸ್ ಇದೆಯಾ ನೋಡೋ ರಿಲೇ. ಅದರ ಕಾಂಟ್ಯಾಕ್ಟ್‌ನಿಂದ ಒಂದು ಇಎಸ್‌ಪಿ32 ಬೋರ್ಡ್. ಅದು ವೈಫೈನಲ್ಲಿ, ಮನೇಲಿರೋ ರಾಸ್ಪ್‌ಬೆರಿ ಪೈಗೆ ಹೇಳುತ್ತೆ. ಪೈನಲ್ಲಿ ಹೋಮ್ ಅಸಿಸ್ಟೆಂಟ್ ಇದೆ, 2013ರಲ್ಲಿ ಶುರುವಾದ ಉಚಿತ ಸಾಫ್ಟ್‌ವೇರ್. ಅದು ಸ್ಪೀಕರ್‌ನಿಂದ ಮಾತಾಡಿಸುತ್ತೆ. (415 ವೋಲ್ಟ್ ಮಾರಾಯ್ರೆ! ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ.)

ತಮಾಷೆ ಏನಂದ್ರೆ, ಅಜ್ಜ ಕನ್ನಡದಲ್ಲಿ ಏನಾದ್ರೂ ಕೇಳಿದ್ರೆ ಆ ಸ್ಪೀಕರ್‌ಗೆ ಅರ್ಥ ಆಗಲ್ಲ. ಆದ್ರೆ ನಾವು ಬರೆದು ಕೊಟ್ಟಿದ್ದನ್ನ ಓದುತ್ತೆ: ಗೂಗಲ್ ಟ್ರಾನ್ಸ್‌ಲೇಟ್‌ನ ಧ್ವನಿ ಆರಿಸಿ, ಭಾಷೆ ಜಾಗದಲ್ಲಿ ‘ಕೆಎನ್’ ಹಾಕಿದ್ರೆ ಸಾಕು.

ಟೆಸ್ಟ್ ಮಾಡ್ದಾಗ ಅಜ್ಜ, ‘ಯಾರೋ ಇದು, ರೇಡಿಯೋ ವಾರ್ತೆಯವ್ರಾ?’ ಅಂದ್ರು. ಆಗ ಅಜ್ಜಿ ‘ನಾನೇ ಹೇಳ್ತೀನಿ ಬಿಡು’ ಅಂತ ನನ್ನ ಫೋನ್ ಹಿಡ್ಕೊಂಡು, ‘ಏಳ್ರಿ, ಕರೆಂಟ್ ಬಂತು’ ಅಂದ್ರು. ಈಗ ಆ ಫೈಲೇ ಪ್ಲೇ ಆಗೋದು. ಧ್ವನಿ ತಯಾರಿಸೋಕೆ ಇಂಟರ್ನೆಟ್ಟೂ ಬೇಡ.

ನೀವೂ ಮಾಡೋದಾದ್ರೆ ಮೂರು ಮಾತು:

1. ಕರೆಂಟ್ ಬಂದು ಎರಡು ನಿಮಿಷ ನಿಂತ ಮೇಲೆ ಮಾತ್ರ ಕೂಗಿಸಿ. ಬಂದು ಹೋಗೋದೇ ಜಾಸ್ತಿ.
2. ಮಾತಿಗೆ ಮುಂಚೆ ವಾಲ್ಯೂಮ್ ಸೆಟ್ ಮಾಡಿಸಿ. ಹಗಲಿನದ್ದೇ ಬೇರೆ, ರಾತ್ರಿದೇ ಬೇರೆ.
3. ಕೇಳಿದವ್ರು ಎದ್ದು ಏನಾದ್ರೂ ಮಾಡೋ ಹಂಗಿದ್ರೆ ಮಾತ್ರ ಹೇಳಿಸಿ. ಎಲ್ಲದಕ್ಕೂ ಬಾಯಿಬಿಟ್ರೆ ಯಾರೂ ಕಿವಿಗೊಡಲ್ಲ.

ಅಜ್ಜ ಈಗ್ಲೂ ತೋಟಕ್ಕೆ ಹೋಗ್ತಾರೆ. ಆದ್ರೆ ರಾತ್ರಿಗೆ ಮೂರು ಸಲ ಸುಮ್ನೆ ಹೋಗಿ ಬರ್ತಿದ್ದವ್ರು ಈಗ ಒಂದೇ ಸಲ ಹೋಗ್ತಾರೆ. ಆ ಎರಡು ಸಲ ಉಳೀತಲ್ಲ, ನಾನು ಮಾಡಿದ್ದು ಅಷ್ಟೇ.

ನಿಮ್ಮನೇಲಿ ಯಾರು, ಯಾವುದಕ್ಕೆ ಕಾದು ನಿದ್ದೆಗೆಡ್ತಾರೆ? ಕಾಮೆಂಟಲ್ಲಿ ಹೇಳಿ. ಭಾಗ 5ರಲ್ಲಿ ವೈರಿಂಗ್ ಚಿತ್ರ ಹಾಕ್ತೀನಿ.

#ಸೊರಬ #ಶಿಕಾರಿಪುರ #ಕನ್ನಡದಲ್ಲಿ_ಟೆಕ್